ಕಿವಿ ಕಾಣಬೇಕು

ಪಾಸ್‌ಪೋರ್ಟಿಗೆ ಕಿವಿ ಕಾಣಬೇಕು ಟೀಚರ್,
ಕೂದಲು ಹಿಂದಕ್ಕೆ ಸರಿಸಿ, ನಗಬೇಡಿ ಅಂದೆ.
ಭೂಗೋಳದ ಎಡ್ನಾ ಟೀಚರ್, ಅರವತ್ತೇಳು ವರ್ಷ,
ನಗು ತಡೆಯಲಾಗದೆ ಮೂರು ಸಲ ಫೋಟೋ ಕೆಡಿಸಿದರು.
ಏಳನೇ ಕ್ಲಾಸಿನಲ್ಲಿ ನನ್ನ ಕಿವಿ ಹಿಂಡಿದ ಬೆರಳು
ತನ್ನದೇ ಕಿವಿಯ ಹಿಂದೆ ನರೆಗೂದಲು ಸಿಕ್ಕಿಸುತ್ತಿತ್ತು.

ಎಲ್ಲಿಗೆ ಟೀಚರ್, ಈಗ?
ಮೋಡ ನೋಡೋಕೆ ಕಣೋ.
ಮೋಡ ನಮ್ಮಲ್ಲಿಲ್ಲವಾ? ಆಲೂಗಡ್ಡೆ ಬಿತ್ತೋರು
ದಿನಾ ಕತ್ತೆತ್ತಿ ನೋಡೋದು ಇನ್ನೇನನ್ನ?
ಅದು ಹೊಟ್ಟೆಪಾಡಿನ ಮೋಡ. ಇದು ಬೇರೆ.
ಎಂಬತ್ತು ಕಿಲೋಮೀಟರ್ ಮೇಲೆ, ಮಳೆ ಹೊರದ ಮೋಡ.
ಉಲ್ಕೆ ಉರಿದು ಉದುರಿಸಿದ ದೂಳು,
ಆ ದೂಳಿನ ಮೇಲೆ ಕೂತ ಹಿಮ.
ಊರಿಗೆಲ್ಲ ಸೂರ್ಯ ಮುಳುಗಿ ಎಷ್ಟೋ ಹೊತ್ತಾದರೂ
ಅಷ್ಟೆತ್ತರದಲ್ಲಿ ಇರೋರಿಗೆ ಇನ್ನೂ ಮುಳುಗಿರಲ್ಲ.
ಆಗ ಹೊಳೀತವೆ, ನೀಲಿಗೆ, ನಡುರಾತ್ರೀಲಿ.

ಇಲ್ಲಿ ಕಾಣಲ್ವಾ?
ಟೀಚರ್ ಮೇಜಿನ ಮೇಲೆ ಲೆನ್ಸಿನ ಮುಚ್ಚಳ ಇಟ್ಟು
ತೋರುಬೆರಳಿಂದ ಸೂರ್ಯನನ್ನು ಇಳಿಸಿದರು:
ನಮ್ಮವನು ಬಾವಿಗೆ ಬಿಟ್ಟ ಬಿಂದಿಗೆ, ನೆಟ್ಟಗೆ ಇಳೀತಾನೆ.
ಅಲ್ಲಿ, ಅರವತ್ತು ಡಿಗ್ರೀಲಿ,
ಬಾವಿಕಟ್ಟೆ ಸವರಿಕೊಂಡೇ ಸುತ್ತು ಹಾಕ್ತಾನೆ, ಬೇಸಿಗೆ ಪೂರ್ತಿ.
ನಮ್ಮದು ಹದಿಮೂರು. ಹೋಂವರ್ಕ್ ಮಾಡಿದ್ದರೆ ಗೊತ್ತಿರ್ತಿತ್ತು.

ಎಂಟು ಪ್ರತಿ. ಎರಡು ಅರ್ಜಿಗೆ ಹೋದವು.
ಜನವರಿಯಲ್ಲಿ ಅದನ್ನೇ ದೊಡ್ಡದು ಮಾಡಿ ಚರ್ಚಿಗೆ ಕೊಟ್ಟೆ.
ಹಿಂದಿನ ಬಿಳಿ ತೆಗೆದು ಆಕಾಶ ಹಾಕಲಾ ಅಂದೆ,
ಅವರ ತಂಗಿ ಬೇಡ ಅಂದರು, ಬಿಳಿಯೇ ಇರಲಿ.
ಪಾಸ್‌ಪೋರ್ಟ್ ಬಂದಿತ್ತಂತೆ.
ಒಳಗೆ ಒಂದೂ ಮುದ್ರೆ ಇರಲಿಲ್ಲ.

ಮೇ ತಿಂಗಳು. ಮದುವೆ ಆಲ್ಬಮ್ಮುಗಳ ಗಡಿಬಿಡಿ.
ಶಟರ್ ಎಳೆದು ಬೀಗ ಹಾಕಿ
ಜಬೀಯ ಆಟೋದಲ್ಲಿ ಟ್ರೈಪಾಡ್ ತುರುಕಿ ಸೀಗೆಗುಡ್ಡಕ್ಕೆ ಹೋಗುತ್ತೇನೆ.
ಏನ್ ತೆಗೀತೀಯಣ್ಣ?
ಉತ್ತರ.
ಉತ್ತರದಾಗೆ ಏನೈತೆ?
ಏನೂ ಇಲ್ಲ.
ಅವರ ಕ್ಲಾಸಿನಲ್ಲೂ ನಾನು
ಉತ್ತರದ ಜಾಗ ಖಾಲಿಯೇ ಬಿಡುತ್ತಿದ್ದೆ.

ಮೂವತ್ತು ಸೆಕೆಂಡು ಕಣ್ಣು ತೆರೆದಿಟ್ಟರೆ ಕ್ಯಾಮರಾಕ್ಕೆ
ಹೆದ್ದಾರಿಯ ಲಾರಿಗಳು ಕೆಂಪು ದಾರ.
ಸಕಲೇಶಪುರದ ಕಡೆ ಸದ್ದಿಲ್ಲದ ಮಿಂಚು
ಚೌಕಟ್ಟಿನ ಎಡಮೂಲೆ ಸುಟ್ಟು ಹೋಗುತ್ತದೆ.
ಪೇಟೆಯ ದೀಪ ಮೋಡದ ಹೊಟ್ಟೆಗೆ ಅರಿಶಿನ ಬಳಿಯುತ್ತದೆ,
ಕೆಳಗಿನ ಮೋಡ, ಕೆಳಗಿನ ಬೆಳಕು.
ಸಾಲಗಾಮೆ ರಸ್ತೆಯ ಆ ದೊಡ್ಡ ತಟ್ಟೆಗಳು ಮಾತ್ರ
ಆಕಾಶಕ್ಕೆ ಕಿವಿಗೊಟ್ಟು, ನಗದೆ, ಅಲುಗದೆ ಕೂತಿರುತ್ತವೆ.
ಒಳ್ಳೇ ಪಾಸ್‌ಪೋರ್ಟ್ ಫೋಟೋ.

ಹದಿಮೂರು ಡಿಗ್ರಿ ಅಂತ ಗೊತ್ತು.
ಈಗ ಗೊತ್ತು.

ಒಂದು ರಾತ್ರಿ ಕಂಡೇಬಿಟ್ಟಿತು.
ಕ್ಯಾಮರಾದ ಪರದೆಯಲ್ಲಿ, ದಿಗಂತಕ್ಕೆ ಎರಡು ಬೆರಳು ಮೇಲೆ,
ನೀಲಿ ಕಲಸಿದ ಬಿಳಿ, ಬಾಚಣಿಗೆ ಎಳೆದ ಹಾಗೆ ಸುಕ್ಕು ಸುಕ್ಕು.
ಜಬೀ, ನೋಡೋ ಇಲ್ಲಿ.
ಅವನು ತಲೆಯೆತ್ತಿ ಆಕಾಶವನ್ನೇ ನೋಡಿದ.
ಅಲ್ಲೇನಿಲ್ಲಣ್ಣ. ಗಾಜು ಒರೆಸು.
ಕೂತು ಮೆಸೇಜು ನೋಡುತ್ತಿದ್ದ ಅವನ ಮೊಬೈಲಿನ ಬೆಳಕು
ಕೆಳಗಿಂದ, ಓರೆಯಾಗಿ, ಲೆನ್ಸಿಗೆ ತಾಗಿತ್ತು.
ಮದುವೆಮನೆಗಳ ದೂಳು, ಗುಡ್ಡದ ದೂಳು,
ಅದರ ಮೇಲೆ ನನ್ನ ಹೆಬ್ಬೆಟ್ಟಿನ ಗೆರೆ.

ಬನಿಯನ್ನಿನ ತುದಿ ಎಳೆದುಕೊಂಡವನು
ಹಾಗೇ ಬಿಟ್ಟೆ.

ಜಬೀ, ಅದನ್ನ ಆರಿಸಬೇಡ.
ಇನ್ನೊಂಚೂರು ಕೆಳಗೆ ಹಿಡಿ, ಬಂಡೆಯ ಅಂಚಿಗಿಂತ ಕೆಳಗೆ,
ಬೆಳಕು ಕಾಣಬೇಕು, ನೀನು ಕಾಣಬಾರದು.
ಹೂಂ, ಅಲ್ಲೇ. ಅಲುಗಬೇಡ.
ಅರವತ್ತು ಸೆಕೆಂಡು, ನಾನು ಎಣಿಸ್ತೀನಿ.
ನಗಬೇಡ ಕಣೋ.